ಹೆಸರು ಬಳಗದ್ದು, ಕೀರ್ತಿ ಊರಿನದು

ರಾಜ್ಯೋತ್ಸವದ ಸಂಚಿಕೆಯಲ್ಲಿ ಕದಂಬ, ಚಾಲುಕ್ಯ, ಹೊಯ್ಸಳರ ವೈಭವವನ್ನು ಸ್ಮರಿಸುವುದು ನಮ್ಮ ವಾಡಿಕೆ. ಅದು ಉಚಿತವೇ ಸರಿ. ಆದರೆ ನಾಡಿನ ಹೆಸರನ್ನು ಬೆಳಗಿದವರಲ್ಲಿ ಕಾಲ್ಚೆಂಡಾಟದವರೂ ಇದ್ದಾರೆಂಬುದನ್ನು ವೆಸ್ಟ್ ಮಾಂಬಲಂನ ನಮ್ಮ ಮಕ್ಕಳು ಅರಿಯಲೆಂದು ಈ ನಾಲ್ಕು ಮಾತು.

ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿ ಆರಂಭವಾದದ್ದು 1891ರಲ್ಲಿ. ನಾಲ್ಕು ದಶಕಗಳಿಗೂ ಮೀರಿ ಆ ಪ್ರಶಸ್ತಿ ಬ್ರಿಟಿಷ್ ಸೈನ್ಯದ ತಂಡಗಳ ಸ್ವತ್ತೆಂಬಂತಿತ್ತು. 1937ರಲ್ಲಿ ಅದನ್ನು ಮೊಟ್ಟಮೊದಲಿಗೆ ಗೆದ್ದ ಭಾರತೀಯ ಸಂಘ ನಮ್ಮ ಬೆಂಗಳೂರು ಮುಸ್ಲಿಮ್ಸ್. ಅಂತಿಮ ಪಂದ್ಯದಲ್ಲಿ ಎದುರಾದದ್ದು ಸಾಮಾನ್ಯ ತಂಡವಲ್ಲ. 1934ರಿಂದ ಕಲ್ಕತ್ತೆಯ ಲೀಗನ್ನು ಸತತವಾಗಿ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಒಂದೇ ಒಂದು ಗೋಲಿನಿಂದ ನಮ್ಮವರು ಗೆದ್ದರು. ಮರುವರ್ಷ ಸ್ಕಾಟ್ಲೆಂಡಿನ ಆರ್ಗೈಲ್ ಅಂಡ್ ಸದರ್‌ಲೆಂಡ್ ಹೈಲ್ಯಾಂಡರ್ಸ್ ಪಟಾಲಮನ್ನು ಮಣಿಸಿ ಪ್ರಶಸ್ತಿಯನ್ನು ಉಳಿಸಿಕೊಂಡರು. 1948ರಲ್ಲಿ ಮತ್ತೊಮ್ಮೆ ಗೆದ್ದರು. ಸಂಘದ ಹೆಸರಿನಲ್ಲಿದ್ದುದು ಒಂದು ಸಮುದಾಯ. ಗೆಲುವಿನಲ್ಲಿ ಪಾಲು ಪಡೆದದ್ದು ಇಡೀ ಬೆಂಗಳೂರು.

ಸ್ಕಾಟ್ಲೆಂಡಿನ ಮಾತು ಬಂದುದರಿಂದ ಅಲ್ಲಿನ ಇನ್ನೊಂದು ಸಂಘವನ್ನೂ ನೆನೆಯಬೇಕು. ಊರು ಬಿಟ್ಟು ಬಂದ ನಮಗೆ ಅದರ ಕಥೆ ಪರಕೀಯವೆನಿಸದು. ಐರ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ಗ್ಲಾಸ್ಗೋ ನಗರಕ್ಕೆ ವಲಸೆ ಬಂದ ಕ್ಯಾಥೊಲಿಕ್ ಜನರಿಗಾಗಿ 1887ರಲ್ಲಿ ಬ್ರದರ್ ವಾಲ್ಫ್ರಿಡ್ ಎಂಬ ಧಾರ್ಮಿಕ ಉಪಾಧ್ಯಾಯರು ಸೆಲ್ಟಿಕ್ ಸಂಘವನ್ನು ಕಟ್ಟಿದರು. ಆಟದಿಂದ ಬಂದ ಹಣದಲ್ಲಿ ಬಡಮಕ್ಕಳಿಗೆ ಅನ್ನವಿಕ್ಕುವುದೇ ಉದ್ದೇಶ. ಐರ್ಲೆಂಡಿನ ಹಸಿರು ಬಣ್ಣವನ್ನು ಸಂಘ ಇಂದಿಗೂ ಬಿಟ್ಟಿಲ್ಲ. ಹಾಗೆಂದು ಅನ್ಯರಿಗೆ ಬಾಗಿಲನ್ನೂ ಮುಚ್ಚಲಿಲ್ಲ. 1936ರಲ್ಲಿ ಆ ಸಂಘದ ಅಂಗಿ ತೊಟ್ಟು, ಬೂಟಿಲ್ಲದೆ, ಪಾದಗಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಆಡಿದವರು ಅದೇ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದ ಮಹಮ್ಮದ್ ಸಲೀಂ. 1967ರಲ್ಲಿ ಸೆಲ್ಟಿಕ್ ಯೂರೋಪಿಯನ್ ಕಪ್ ಗೆದ್ದು ಕೀರ್ತಿಯ ಶಿಖರವೇರಿದಾಗ ತಂಡವನ್ನು ಪಳಗಿಸಿದ್ದ ಜಾಕ್ ಸ್ಟೀನರು ಪ್ರಾಟೆಸ್ಟೆಂಟ್ ಮತದವರು.

ನಮ್ಮ ಬೆಂಗಳೂರಿನ ಅಹಮದ್ ಖಾನರೂ ಹೀಗೆಯೇ ಪರಸ್ಥಳದಲ್ಲಿ ಮನೆಯವರಾದವರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರ ಆಡಿದ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಪೂರ್ವಬಂಗಾಳದಿಂದ ನೆಲೆ ತಪ್ಪಿ ಬಂದವರು ತಮ್ಮದೆಂದು ಅಪ್ಪಿಕೊಂಡ ಸಂಘವದು. ಅದರ ಮುಂಚೂಣಿಯ ಐವರನ್ನು ಜನ ‘ಪಂಚಪಾಂಡವರು’ ಎಂದು ಕೊಂಡಾಡಿದರು. ಆ ಐವರಲ್ಲಿ ಅಹಮದ್ ಖಾನರೂ ಒಬ್ಬರು! ಹುಟ್ಟೂರು, ಭಾಷೆ, ಮತ ಯಾವುದೂ ಆ ಪ್ರೀತಿಗೆ ಅಡ್ಡ ಬರಲಿಲ್ಲ.

ರೋವರ್ಸ್ ಕಪ್ ಇಂದು ನಡೆಯುತ್ತಿಲ್ಲ. ಅದರ ಪಾಠ ಮಾತ್ರ ನಮಗೆ ಉಳಿದಿದೆ. ಬಾಗಿಲು ತೆರೆದರೆ ಕನ್ನಡತನ ಕರಗೀತೆಂಬ ಅಂಜಿಕೆ ನಮ್ಮಲ್ಲಿ ಕೆಲವರಿಗುಂಟು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮ್ಮ ಮಕ್ಕಳು ತಮಿಳು ಗೆಳೆಯರ ಕೈಹಿಡಿದು ಸಂಘದ ಮೆಟ್ಟಿಲೇರಿದರೆ ನಾವು ಅಂಜಬೇಕಾಗಿಲ್ಲ. ಬಣ್ಣ ಬಿಡದೆ ಬಾಗಿಲು ತೆರೆದ ಸಂಘಗಳೇ ಬಾಳಿವೆ. ನಮ್ಮ ಸಂಘವೂ ಹಾಗೆಯೇ ಬಾಳಲಿ.