‘ಆಯ’ ಎಂಬ ಅಂತ್ಯ: ಕಾಸರಗೋಡಿನ ಕೆಲವು ವಿರಳ ಕುಲನಾಮಗಳು

ಕಾಸರಗೋಡಿನ ಸಾಂಸ್ಕೃತಿಕ ಚರಿತ್ರೆಯನ್ನು ಬರೆಯುವವರಿಗೆ ಎರಡು ಹೆಸರುಗಳು ಅನಿವಾರ್ಯವಾಗಿ ಎದುರಾಗುತ್ತವೆ. ಒಂದು, ಬೇವಿಂಜೆ ವಿಷ್ಣು ಕಕ್ಕಿಲ್ಲಾಯ (1919–2012). ಕಮ್ಯುನಿಸ್ಟ್ ನಾಯಕ, 1952ರಿಂದ 1954ರವರೆಗೆ ರಾಜ್ಯಸಭೆಯ ಸದಸ್ಯ, ಕರ್ನಾಟಕ ಏಕೀಕರಣದ ಪ್ರತಿಪಾದಕ. ಇನ್ನೊಂದು, ಪುಂಡೂರು ವೆಂಕಟರಾಜ ಪುಣಿಂಚತ್ತಾಯ (1936–2012). ತುಳು ಲಿಪಿಯ ತಾಡೆಯೋಲೆಗಳನ್ನು ಹುಡುಕಿ, ವಿಷ್ಣುತುಂಗ ಕವಿಯ ‘ಶ್ರೀ ಭಾಗವತೊ’ ಕಾವ್ಯವನ್ನು ಸಂಪಾದಿಸಿ ಬೆಳಕಿಗೆ ತಂದ ವಿದ್ವಾಂಸ. ಇಬ್ಬರ ಸಾಧನೆಗಳ ಕುರಿತು ಸಾಕಷ್ಟು ಬರವಣಿಗೆ ನಡೆದಿದೆ. ಅವರ ಕುಲನಾಮಗಳ ರಚನೆಯೂ ಚರಿತ್ರೆಯ ಒಂದು ಆಕರವೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಈ ಕುಲನಾಮಗಳ ಕೀಲಿಕೈ ತುಳು ವ್ಯಾಕರಣದಲ್ಲಿದೆ. ತುಳುವಿನಲ್ಲಿ ‘ಆಯೆ’ ಎಂದರೆ ಅವನು, ‘ಆಳ್’ ಎಂದರೆ ಅವಳು. ಸ್ಥಳವಾಚಕದ ಷಷ್ಠೀ ರೂಪಕ್ಕೆ ಈ ಸರ್ವನಾಮ ಸೇರಿದಾಗ ‘ಆ ಊರಿನವನು’ ಎಂಬ ಅರ್ಥದ ಪದ ಸಿದ್ಧವಾಗುತ್ತದೆ. ಮಂಗಳೂರಿನವನು ತುಳುವರ ಮಾತಿನಲ್ಲಿ ಇಂದಿಗೂ ‘ಕುಡ್ಲದಾಯೆ’. ಕನ್ನಡದ ‘ಊರಿನವನು’ ಎಂಬ ಪದದ ಕಟ್ಟಡವೂ ಇದೇ. ಬೈಪಾಡಿತ್ತಾಯ, ತೋಳ್ಪಾಡಿತ್ತಾಯ, ಕಲ್ಲೂರಾಯ ಮುಂತಾದ ಹೆಸರುಗಳಲ್ಲಿ ಬೈಪಾಡಿ, ತೋಳ್ಪಾಡಿ, ಕಲ್ಲೂರು ಎಂಬ ಸ್ಥಳನಾಮಗಳು ನಿಚ್ಚಳವಾಗಿ ಕಾಣುತ್ತವೆ. ಕಕ್ಕಿಲ್ಲಾಯ, ನಡ್ವಂತಿಲ್ಲಾಯ ಎಂಬಂಥ ಹೆಸರುಗಳ ನಡುವಣ ‘ಇಲ್ಲ್’ ಎಂಬ ಅಂಶವನ್ನು ತುಳುವಿನಲ್ಲಿ ಮನೆ ಎಂಬರ್ಥದ ಪದವೆಂದು ಗ್ರಹಿಸಲು ಅವಕಾಶವಿದೆ. ಮಲಯಾಳದ ‘ಇಲ್ಲಂ’ ಅದರ ಸೋದರ ಪದ. ಕನ್ನಡ ಬರವಣಿಗೆಗೆ ಬರುವಾಗ ಕೊನೆಯ ಎಕಾರ ಅಕಾರವಾಗಿ ‘ಆಯೆ’ ಎಂಬುದು ‘ಆಯ’ ಆಗಿದೆ. ಹೀಗೆ ಒಂದೇ ಹೆಸರಿನೊಳಗೆ ತುಳುವಿನ ವ್ಯಾಕರಣವೂ ಕನ್ನಡದ ಲಿಪಿರೂಢಿಯೂ ಕೂಡಿಕೊಂಡಿವೆ.

ಊರಿನಿಂದ ಕುಲನಾಮ ಹುಟ್ಟುವುದು ತುಳುನಾಡಿಗೆ ಮಾತ್ರ ಸೀಮಿತವಾದ ಪದ್ಧತಿಯಲ್ಲ. ಮರಾಠಿಯ ‘ಕರ್’ ಪ್ರತ್ಯಯ ಸೇರಿದ ಹೆಸರುಗಳೂ ಊರನ್ನೇ ಸೂಚಿಸುತ್ತವೆ. ತುಳು ಹೆಸರುಗಳ ವಿಶೇಷವಿರುವುದು ಅವುಗಳಲ್ಲಿ ಸರ್ವನಾಮವೇ ಕುಲನಾಮದ ಅಂಗವಾಗಿ ನಿಂತಿರುವುದರಲ್ಲಿ. ಇದರಿಂದ ಒಂದು ಕುತೂಹಲಕರ ಸ್ಥಿತಿ ಒದಗಿದೆ. ಮಧೂರಿನಲ್ಲಿ ಹುಟ್ಟಿ, ತೆಂಕುತಿಟ್ಟು ಯಕ್ಷಗಾನದ ಭಾಗವತಿಕೆಯಲ್ಲಿ ಮಹಿಳೆಯರಿಗೆ ದಾರಿ ತೆರೆದ ಲೀಲಾವತಿ ಬೈಪಾಡಿತ್ತಾಯರ ಹೆಸರಿನಲ್ಲಿ, ವ್ಯಾಕರಣದ ದೃಷ್ಟಿಯಿಂದ, ‘ಬೈಪಾಡಿಯವನು’ ಎಂಬ ಪುಲ್ಲಿಂಗವಿದೆ. ತುಳುವಿನ ಮಾತಿನಲ್ಲಿ ಜೀವಂತವಾಗಿರುವ ಸ್ತ್ರೀಲಿಂಗ ರೂಪ ಈ ಕುಲನಾಮಕ್ಕೆ ಬರಲಿಲ್ಲ. ಪದವು ಆಡುಮಾತಿನಿಂದ ಬೇರ್ಪಟ್ಟು ಮನೆತನದ ಗುರುತಾಗಿ ಗಟ್ಟಿಗೊಂಡಿದೆ ಎಂಬುದಕ್ಕೆ ಇದೇ ಸಾಕ್ಷಿ.

ಈ ಕುಲನಾಮಗಳನ್ನು ಹೊತ್ತ ಶಿವಳ್ಳಿ ಬ್ರಾಹ್ಮಣ ಮನೆತನಗಳ ಮೂಲದ ಕುರಿತು ‘ಗ್ರಾಮಪದ್ಧತಿ’ಯ ಪರಂಪರೆ ಬೇರೊಂದು ಕಥೆಯನ್ನು ಹೇಳುತ್ತದೆ. ಕದಂಬ ಅರಸನೊಬ್ಬನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ತುಳುನಾಡಿನ ಮೂವತ್ತೆರಡು ಗ್ರಾಮಗಳಲ್ಲಿ ನೆಲೆಗೊಳಿಸಿದನೆಂಬುದು ಅದರ ಸಾರ. ಆ ಐತಿಹ್ಯದ ಸತ್ಯಾಸತ್ಯತೆ ಏನೇ ಇರಲಿ, ಕುಲನಾಮಗಳ ಸಾಕ್ಷ್ಯ ಸ್ವತಂತ್ರವಾದುದು. ಅವುಗಳ ಪ್ರತ್ಯಯ ತುಳುವಿನದು, ಪದವನ್ನು ಕಟ್ಟಿದ ಕ್ರಮವೂ ತುಳುವಿನದು. ಹೊರಗಿನಿಂದ ಬಂದವರೆಂಬ ಕಥೆಯನ್ನು ಮನೆತನಗಳು ಸಂಸ್ಕೃತದಲ್ಲಿ ಕಾಪಾಡಿಕೊಂಡು ಬಂದರೂ, ತಮ್ಮನ್ನು ಕರೆದುಕೊಂಡದ್ದು ನೆಲದ ಮಾತಿನಲ್ಲಿ, ನೆಲದ ಹೆಸರಿನಿಂದ. ತುಳುನಾಡಿನಿಂದ ಇನ್ನೂ ದಕ್ಷಿಣಕ್ಕೆ ಅರ್ಚಕ ವೃತ್ತಿಗಾಗಿ ಹೋದ ತುಳು ಬ್ರಾಹ್ಮಣರನ್ನು ಕೇರಳದಲ್ಲಿ ‘ಎಂಬ್ರಾಂತಿರಿ’ ಎಂದು ಕರೆದದ್ದನ್ನು ಇದರೊಂದಿಗೆ ಹೋಲಿಸಬಹುದು. ಅದು ಇತರರು ಇಡೀ ಸಮುದಾಯಕ್ಕೆ ಕೊಟ್ಟ ಹೆಸರು; ಇದು ಮನೆತನವು ತನ್ನ ಊರಿನ ಮೇಲೆ ತಾನೇ ಇಟ್ಟುಕೊಂಡ ಹೆಸರು.

ಪೂರ್ಣ ಹೆಸರಿನ ರಚನೆಯಲ್ಲಿ ಇನ್ನೊಂದು ಪದರವಿದೆ. ಬೇವಿಂಜೆ, ಪುಂಡೂರು ಎಂಬುವು ಮನೆತನದ ಈಚಿನ ನೆಲೆಯ ಹೆಸರುಗಳು. ಕುಲನಾಮದಲ್ಲಿ ಅಡಗಿರುವುದು ಅದಕ್ಕೂ ಹಿಂದಿನ ನೆಲೆ. ಮೊದಲ ಪದ ‘ಈಗ ಎಲ್ಲಿ’ ಎಂಬುದನ್ನೂ ಕೊನೆಯ ಪದ ‘ಹಿಂದೆ ಎಲ್ಲಿ’ ಎಂಬುದನ್ನೂ ಹೇಳುತ್ತವೆ. ಇವೆರಡರ ನಡುವಣ ಅಂತರವೇ ಒಂದು ಮನೆತನದ ವಲಸೆಯ ಸಂಕ್ಷಿಪ್ತ ದಾಖಲೆ. ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಈ ಅಂತರ ಒಂದೇ ಆಡಳಿತದ ಒಳಗಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ಬಳಿಕ, ಒಂದೇ ಕುಲನಾಮದ ಮನೆಗಳು ಎರಡು ರಾಜ್ಯಗಳಿಗೆ ಹಂಚಿಹೋದವು. ಹುಟ್ಟಿದ ಊರು ಕೇರಳದ ಪಾಲಾದ ಕಕ್ಕಿಲ್ಲಾಯರು 1972 ಮತ್ತು 1978ರಲ್ಲಿ ಕರ್ನಾಟಕದ ವಿಧಾನಸಭೆಗೆ ಆಯ್ಕೆಯಾದದ್ದು ಈ ಹಂಚಿಕೆಯ ಒಂದು ಪ್ರಸಿದ್ಧ ನಿದರ್ಶನ.

ಈ ಕುಲನಾಮಗಳನ್ನು ಹೊತ್ತವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಜನಗಣತಿಯಲ್ಲಿ ಉತ್ತರ ಸಿಗುವುದಿಲ್ಲ. ಭಾರತದ ಜನಗಣತಿ ಮಾತೃಭಾಷೆಯ ಕೋಷ್ಟಕಗಳನ್ನು ಪ್ರಕಟಿಸುತ್ತದೆ, ಕುಲನಾಮಗಳ ಕೋಷ್ಟಕವನ್ನಲ್ಲ. ಇಲ್ಲಿ ಇನ್ನೂ ಗಂಭೀರವಾದ ತೊಡಕೊಂದಿದೆ. ಈ ಮನೆಗಳ ಮಾತು ತುಳು. ಓದುಬರಹ ಪರಂಪರಾಗತವಾಗಿ ಕನ್ನಡ. ಮಾತೃಭಾಷೆ ತುಳು ಎಂದು ಪ್ರಾಮಾಣಿಕವಾಗಿ ಬರೆಸಿದವರು 2011ರ ಗಣತಿಯ 18,46,427 ತುಳು ಭಾಷಿಕರಲ್ಲಿ ಸೇರುತ್ತಾರೆ. ಕನ್ನಡದ ಲೆಕ್ಕದಿಂದ ಹೊರಗುಳಿಯುತ್ತಾರೆ. ಕೇರಳದ 1969ರ ರಾಜಭಾಷಾ ಕಾಯಿದೆಯಾದರೋ ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶವನ್ನು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಕೊಟ್ಟಿದೆ. ಹೀಗಾಗಿ ಕನ್ನಡ ಶಾಲೆಯಲ್ಲಿ ಓದಿ ಕನ್ನಡದಲ್ಲಿ ಅರ್ಜಿ ಬರೆಯುವ ತುಳುವರು, ಹಕ್ಕಿನ ವಿಷಯದಲ್ಲಿ ಕನ್ನಡಿಗರಾದರೂ ಸಂಖ್ಯೆಯ ವಿಷಯದಲ್ಲಿ ಕನ್ನಡಿಗರಾಗುವುದಿಲ್ಲ. ಗಡಿನಾಡಿನ ಕನ್ನಡದ ಬಲವನ್ನು ಮಾತೃಭಾಷೆಯ ಅಂಕಿಯೊಂದರಿಂದಲೇ ಅಳೆಯುವುದು ಎಷ್ಟು ಅಪೂರ್ಣವೆಂಬುದಕ್ಕೆ ಈ ಕುಲನಾಮಗಳೇ ನಿದರ್ಶನ.

ಹೆಸರುಗಳು ಸವೆಯುತ್ತಲೂ ಇವೆ. ಪುಣಿಂಚತ್ತಾಯ, ಪುಣಿಂಚಿತ್ತಾಯ, ಪುಂಚಿತ್ತಾಯ ಎಂಬ ರೂಪಗಳು ಕನ್ನಡದಲ್ಲಿಯೇ ಬಳಕೆಯಲ್ಲಿವೆ. ರೋಮನ್ ಲಿಪಿಗೆ ಹೋದಾಗ ಭೇದಗಳು ಇನ್ನಷ್ಟು. ಅಕ್ಷರಕ್ರಮದ ಯಾದಿಯಲ್ಲಿ ಒಂದೇ ಕುಲನಾಮ ಬೇರೆ ಬೇರೆ ಹೆಸರುಗಳಂತೆ ಚದುರಿಹೋಗುತ್ತದೆ. ಉಚ್ಚಾರಣೆಯ ಕಷ್ಟ ಬೇಡವೆಂದು ರಾವ್, ಭಟ್ ಎಂಬ ವ್ಯಾಪಕ ಉಪನಾಮಗಳನ್ನು ಆರಿಸಿಕೊಂಡ ಕಡೆ ಊರಿನ ಕುರುಹು ಪೂರ್ತಿಯಾಗಿ ಅಳಿಯುತ್ತದೆ. ಇನಿಷಿಯಲ್ ಬಳಸುವ ರೂಢಿಯೂ ಇದೇ ಕೆಲಸವನ್ನು ಮಾಡುತ್ತದೆ: ‘ಬಿ. ವಿ. ಕಕ್ಕಿಲ್ಲಾಯ’ ಎಂದು ಅಚ್ಚಾದಾಗ ಬೇವಿಂಜೆ ಒಂದು ಅಕ್ಷರವಾಗಿ ಕುಗ್ಗುತ್ತದೆ, ಅದರೊಂದಿಗೆ ಕಾಸರಗೋಡೂ ಮರೆಯಾಗುತ್ತದೆ.

ಆದ್ದರಿಂದ ಈ ಕುಲನಾಮಗಳ ಅಧ್ಯಯನ ಒಂದು ಜಾತಿಯ ವಂಶಾವಳಿಯ ಕೆಲಸವಾಗಿ ನಿಲ್ಲಬೇಕಾಗಿಲ್ಲ. ಕನ್ನಡ ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳು, ಭೂದಾಖಲೆಗಳು, ದೇವಸ್ಥಾನಗಳ ಲೆಕ್ಕಪತ್ರಗಳು, ಯಕ್ಷಗಾನ ಪ್ರಸಂಗಗಳ ಹಸ್ತಪ್ರತಿಗಳಲ್ಲಿ ಬರೆದವರ ಹೆಸರು ಇವುಗಳಿಂದ ಎಲ್ಲ ಸಮುದಾಯಗಳ ಮನೆಹೆಸರುಗಳನ್ನೂ ಸಂಗ್ರಹಿಸಿ, ಪ್ರತಿ ಹೆಸರಿನ ಎದುರು ಮೂಲ ನೆಲೆ ಮತ್ತು ಈಗಿನ ನೆಲೆಗಳನ್ನು ನಮೂದಿಸಿದರೆ ಗಡಿಯ ಎರಡೂ ಬದಿಗಳನ್ನು ಒಳಗೊಂಡ ಒಂದು ನಕ್ಷೆ ಸಿದ್ಧವಾದೀತು. ಅದನ್ನು ಮನೆಯ ಹಿರಿಯರ ನೆನಪಿನೊಂದಿಗೆ ತಾಳೆ ನೋಡಬೇಕಾಗಿರುವುದರಿಂದ ಈ ಕೆಲಸ ತಡವಾದಷ್ಟೂ ಕಷ್ಟವಾಗುತ್ತದೆ.