ಹೈಲ್ಯಾಂಡ್ಸ್ ಎಸ್ಟೇಟುಗಳ ಸೇವಕ ಕುಟುಂಬಗಳು: ವಂಶಶೋಧನೆ

ಸ್ಕಾಟ್ಲೆಂಡಿನ ಉತ್ತರ ಮತ್ತು ಪಶ್ಚಿಮದ ಬೆಟ್ಟಸೀಮೆಯೇ ಹೈಲ್ಯಾಂಡ್ಸ್. ಅಲ್ಲಿನ ಜಮೀನ್ದಾರಿ ಎಸ್ಟೇಟುಗಳಲ್ಲಿ ತಲೆಮಾರುಗಳ ಕಾಲ ದುಡಿದ ಕುಟುಂಬಗಳ ವಂಶಾವಳಿಯನ್ನು ದಾಖಲೆಗಳ ಆಧಾರದಿಂದ ಕಟ್ಟುವುದು ಸ್ಕಾಟಿಷ್ ವಂಶಶೋಧನೆಯ ಒಂದು ವಿಶಿಷ್ಟ ಕ್ಷೇತ್ರ. ಈ ಜನರಿಗೆ ಸ್ವಂತ ನೆಲವಿರಲಿಲ್ಲ, ಉಯಿಲು ಬರೆಯುವಷ್ಟು ಆಸ್ತಿ ಇದ್ದುದೂ ಅಪರೂಪ. ಹಾಗಾಗಿ ಅವರ ಹೆಸರುಗಳು ಸಿಗುವುದು ಬೇರೆಯವರು ಬರೆದಿಟ್ಟ ಕಡತಗಳಲ್ಲಿ: ಧಣಿಯ ಸಂಬಳದ ಲೆಕ್ಕ, ಚರ್ಚಿನ ನಡಾವಳಿ, ತೆರಿಗೆ ಪಟ್ಟಿ, ಜನಗಣತಿ. ಮನೆತನದ ಹೆಸರಿನಷ್ಟೇ ಅವರು ದುಡಿದ ಜಾಗದ ಬೆನ್ನು ಹಿಡಿಯುವುದೂ ಇಲ್ಲಿ ಮುಖ್ಯ.

ಎಸ್ಟೇಟಿನ ಬದುಕು

18ನೆಯ ಶತಮಾನದ ಕೊನೆಯಿಂದ ಹೈಲ್ಯಾಂಡ್ಸ್‌ನ ಜಮೀನ್ದಾರರು ಒಕ್ಕಲುಗಳನ್ನು ಎಬ್ಬಿಸಿ ಕಣಿವೆಗಳನ್ನು ಕುರಿ ಸಾಕಣೆಗೆ ಕೊಟ್ಟರು. ಕುರಿಗಳ ಜೊತೆಗೆ ದಕ್ಷಿಣ ಸ್ಕಾಟ್ಲೆಂಡಿನಿಂದ ಕುರುಬರೂ ಬಂದರು. ಮುಂದೆ ಉಣ್ಣೆಯ ಲಾಭ ಇಳಿದಾಗ ಅದೇ ಬೆಟ್ಟಗಳು ಜಿಂಕೆ ಬೇಟೆಯ ಪ್ರದೇಶಗಳಾದವು. ರಾಣಿ ವಿಕ್ಟೋರಿಯ ಮತ್ತು ಪ್ರಿನ್ಸ್ ಆಲ್ಬರ್ಟ್ 1848ರಲ್ಲಿ ಬೆಟ್ಟಸೀಮೆಯ ಬಾಲ್ಮೋರಲ್ ಎಸ್ಟೇಟಿಗೆ ಮೊದಲು ಬಂದರು, 1852ರಲ್ಲಿ ಆ ಎಸ್ಟೇಟು ಅವರ ಕೈಸೇರಿತು, 1856ರ ಹೊತ್ತಿಗೆ ಹೊಸ ಕೋಟೆಮನೆ ಎದ್ದು ನಿಂತಿತು. ಬೆಟ್ಟಸೀಮೆಯಲ್ಲಿ ಬೇಟೆಯಾಡುವುದು ಇಂಗ್ಲೆಂಡಿನ ಸಿರಿವಂತರಿಗೆ ಪ್ರತಿಷ್ಠೆಯ ವಿಷಯವಾಯಿತು. ಮೊದಲ ಮಹಾಯುದ್ಧದ ಮುನ್ನ ಜಿಂಕೆ ಬೇಟೆಗೆ ಮೀಸಲಾದ ನೆಲ 30 ಲಕ್ಷ ಎಕರೆ ದಾಟಿತ್ತು.

ಈ ವ್ಯವಸ್ಥೆಯ ಮೇಲ್ತುದಿಯಲ್ಲಿದ್ದವನು ಧಣಿಯ ಪರವಾಗಿ ಎಸ್ಟೇಟು ನಡೆಸುವ ಫ್ಯಾಕ್ಟರ್. ಬೇಟೆಯ ಹಕ್ಕಿಗಳನ್ನು ಕಾಯುವವನು ಗೇಮ್‌ಕೀಪರ್, ಜಿಂಕೆಯ ಜಾಡು ಹಿಡಿದು ಬೇಟೆಗಾರನನ್ನು ಒಯ್ಯುವವನು ಸ್ಟಾಕರ್, ಕುದುರೆ ನಡೆಸುತ್ತ ಮೀನು ಹಿಡಿಯುವವರಿಗೆ ನೆರವಾಗುತ್ತ ಇರುವವನು ಗಿಲ್ಲಿ, ಹೊಲಗೆಲಸದ ಮೇಸ್ತ್ರಿ ಗ್ರೀವ್. ಮನೆಯೊಳಗೆ ಹೌಸ್‌ಕೀಪರ್, ಅಡುಗೆಯವಳು, ಹಾಲಿನ ಕೆಲಸದವಳು, ಬಟ್ಟೆ ಒಗೆಯುವವಳು. ಕೂಲಿಯ ಕರಾರು ಬಹುಪಾಲು ಆರು ತಿಂಗಳು ಅಥವಾ ಒಂದು ವರ್ಷದ್ದು, ಮೇ ಮತ್ತು ನವೆಂಬರ್ ಅದು ಮುಗಿಯುವ ಗಡುವುಗಳು. ಒಂದೇ ದಂಪತಿಯ ಐದು ಮಕ್ಕಳು ಐದು ಪ್ಯಾರಿಷ್‌ಗಳಲ್ಲಿ (ಚರ್ಚಿನ ಆಡಳಿತ ವಲಯಗಳಲ್ಲಿ) ಹುಟ್ಟಿದ್ದರೆ ಅದಕ್ಕೆ ಕಾರಣ ಈ ಗಡುವುಗಳಲ್ಲಿರಬಹುದು.

ಮುಖ್ಯ ದಾಖಲೆಗಳು

ಸ್ಕಾಟ್ಲೆಂಡಿನಲ್ಲಿ ಜನನ, ಮದುವೆ, ಮರಣಗಳ ಸರಕಾರಿ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಇದು ಇಂಗ್ಲೆಂಡಿಗಿಂತ 18 ವರ್ಷ ತಡ. ಆದರೆ ವಿವರದಲ್ಲಿ ಸ್ಕಾಟ್ಲೆಂಡೇ ಮುಂದು. ಮರಣ ಪತ್ರದಲ್ಲಿ ಸತ್ತವರ ತಂದೆ ಮತ್ತು ತಾಯಿ ಇಬ್ಬರ ಹೆಸರೂ ಇರುತ್ತದೆ, ತಾಯಿಯ ತವರುಮನೆತನದ ಹೆಸರೂ ಸಿಗುತ್ತದೆ. 1861ರಿಂದಾಚೆಯ ಜನನ ಪತ್ರದಲ್ಲಿ ತಂದೆ ತಾಯಿ ಮದುವೆಯಾದ ದಿನ ಮತ್ತು ಊರು ಕಾಣುತ್ತವೆ. ಎಸ್ಟೇಟಿನಿಂದ ಎಸ್ಟೇಟಿಗೆ ಅಲೆದ ಕುಟುಂಬದ ಹಿಂದಿನ ನೆಲೆ ತಿಳಿಯಲು ಈ ಒಂದು ಸಾಲು ಎಷ್ಟೋ ಸಲ ಸಾಕಾಗುತ್ತದೆ.

1855ಕ್ಕಿಂತ ಹಿಂದಕ್ಕೆ ಹೋಗಲು ಚರ್ಚು ದೀಕ್ಷಾಸ್ನಾನ, ಮದುವೆಗಳನ್ನು ಬರೆದಿಡುತ್ತಿದ್ದ ಪ್ಯಾರಿಷ್ ಪುಸ್ತಕಗಳು ಬೇಕು. ಇವುಗಳಲ್ಲಿ ಅತಿ ಹಳೆಯದಾದ ಪರ್ತ್‌ಶೈರ್‌ನ ಎರಲ್ ಪ್ಯಾರಿಷ್‌ನ ಪುಸ್ತಕ 1553ರದು. ಆದರೆ ಹೈಲ್ಯಾಂಡ್ಸ್‌ನ ಅನೇಕ ಪ್ಯಾರಿಷ್‌ಗಳಲ್ಲಿ ಪುಸ್ತಕ ಆರಂಭವಾಗುವುದೇ 18ನೆಯ ಶತಮಾನದಲ್ಲಿ ಅಥವಾ ಇನ್ನೂ ಈಚೆಗೆ. 1843ರಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಚರ್ಚ್ ಒಡೆದು ಹೈಲ್ಯಾಂಡ್ಸ್‌ನ ಬಹುಸಂಖ್ಯಾತರು ಫ್ರೀ ಚರ್ಚ್ ಸೇರಿದ್ದರಿಂದ ಆ ನಂತರದ ದೀಕ್ಷಾಸ್ನಾನಗಳನ್ನು ಅದರ ಪುಸ್ತಕಗಳಲ್ಲೂ ಹುಡುಕಬೇಕು. ಮದುವೆಯಿಲ್ಲದೆ ತಾಯಿಯಾದ ಕೆಲಸದ ಹುಡುಗಿಯರನ್ನು ಚರ್ಚಿನ ಹಿರಿಯರ ಸಭೆ ವಿಚಾರಣೆಗೆ ಕರೆಯುತ್ತಿತ್ತು. ಜನನ ಪತ್ರದಲ್ಲಿ ಇಲ್ಲದ ತಂದೆಯ ಹೆಸರು ಆ ನಡಾವಳಿಯಲ್ಲಿ ಸಿಕ್ಕ ಉದಾಹರಣೆಗಳು ಬಹಳ ಇವೆ.

1841ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯಿತು. 1841ರ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ. 1881ರಿಂದ ಗೇಲಿಕ್ ಮಾತಾಡುವವರ ವಿವರ ಸೇರಿತು. ಅದರಿಂದ ಕುಟುಂಬ ಸ್ಥಳೀಯವೋ ದಕ್ಷಿಣದಿಂದ ಬಂದದ್ದೋ ಎಂದು ಊಹಿಸಬಹುದು. 1851ರಿಂದ 1911ರವರೆಗಿನ ಗಣತಿಗಳೆಲ್ಲ ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ ನಡೆದವು ಎಂಬುದನ್ನು ಮರೆಯಬಾರದು. ಗ್ರೌಸ್ ಹಕ್ಕಿಯ ಬೇಟೆ ಶುರುವಾಗುವುದು ಆಗಸ್ಟ್ 12ಕ್ಕೆ. ಹಾಗಾಗಿ ಬೇಟೆಮನೆಯಲ್ಲಿ ಗಣತಿಯ ರಾತ್ರಿ ಇದ್ದವರು ಕಾವಲಿನ ಒಂದಿಬ್ಬರು ಮಾತ್ರ. ಉಳಿದ ಆಳುಗಳನ್ನು ಧಣಿಯ ಲಂಡನ್ ಅಥವಾ ಎಡಿನ್‌ಬರೋ ಮನೆಯ ಪುಟಗಳಲ್ಲಿ ಹುಡುಕಬೇಕು.

ಗಣತಿಗಳ ನಡುವಿನ ಅಂತರವನ್ನು 1855ರಿಂದ ಬಂದ ವಾರ್ಷಿಕ ಕಂದಾಯ ಪಟ್ಟಿ ಕೆಲಮಟ್ಟಿಗೆ ತುಂಬುತ್ತದೆ. ಅದರಲ್ಲಿ ಮನೆಯ ಒಡೆಯ, ಬಾಡಿಗೆದಾರ, ವಾಸವಿರುವವನು ಎಂಬ ಕಾಲಂಗಳಿವೆ. ಪ್ರತ್ಯೇಕ ಮನೆ ಪಡೆದ ಗೇಮ್‌ಕೀಪರ್ ಇಲ್ಲಿ ಕಾಣುತ್ತಾನೆ, ಧಣಿಯ ಮನೆಯ ಅಟ್ಟದಲ್ಲಿ ಮಲಗುವ ಕೆಲಸದಾಕೆ ಕಾಣುವುದಿಲ್ಲ. ಇನ್ನೂ ಹಿಂದಕ್ಕೆ, 1777ರಿಂದ ಗಂಡಾಳುಗಳ ಮೇಲೆ, 1785ರಿಂದ 1792ರವರೆಗೆ ಹೆಣ್ಣಾಳುಗಳ ಮೇಲೆ ಧಣಿಗಳು ತೆರಿಗೆ ಕಟ್ಟಬೇಕಿತ್ತು. ಆ ಪಟ್ಟಿಗಳಲ್ಲಿ ಧಣಿಯ ಜೊತೆಗೆ ಆಳಿನ ಹೆಸರೂ ಉಳಿದಿದೆ.

ಒಂದು ನಿದರ್ಶನ: ಕ್ರಾಥಿಯ ಬ್ರೌನ್ ಕುಟುಂಬ

ಈ ಬಗೆಯ ಕುಟುಂಬಗಳಲ್ಲಿ ಅತಿ ಪ್ರಸಿದ್ಧವಾದುದು ರಾಣಿ ವಿಕ್ಟೋರಿಯಳ ಆಪ್ತ ಸೇವಕ ಜಾನ್ ಬ್ರೌನನದು. ಈತ 1826ರಲ್ಲಿ ಅಬರ್ಡೀನ್‌ಶೈರ್‌ನ ಕ್ರಾಥಿ ಪ್ಯಾರಿಷ್‌ನಲ್ಲಿ ಹುಟ್ಟಿದ. ತಂದೆ ಜಾನ್ ಬ್ರೌನ್, ತಾಯಿ ಮಾರ್ಗರೆಟ್ ಲೀಸ್. ರಾಜಮನೆತನ ಬರುವ ಮೊದಲೇ, ಬಾಲ್ಮೋರಲ್‌ನ ಹಿಂದಿನ ಗೇಣಿದಾರ ಸರ್ ರಾಬರ್ಟ್ ಗಾರ್ಡನ್‌ನ ಬಳಿ ಈತ ಕೆಲಸಕ್ಕಿದ್ದ. ಧಣಿ ಬದಲಾದರೂ ಆಳು ಅದೇ ನೆಲದಲ್ಲಿ ಉಳಿದ. ತಮ್ಮ ಆರ್ಚಿಬಾಲ್ಡ್ ರಾಜಕುಮಾರ ಲಿಯೊಪೋಲ್ಡ್‌ನ ಖಾಸಾ ಸೇವಕನಾದ. ಒಬ್ಬನನ್ನು ಹುಡುಕಲು ಹೊರಟವರು ಒಡಹುಟ್ಟಿದವರನ್ನೂ ಹುಡುಕಬೇಕು ಎಂಬುದಕ್ಕೆ ಇದು ಒಳ್ಳೆಯ ಪುರಾವೆ.

ಜಾನ್ ಬ್ರೌನ್ 1883ರ ಮಾರ್ಚ್ 27ರಂದು ವಿಂಡ್ಸರ್‌ನಲ್ಲಿ ತೀರಿಕೊಂಡ. ಅದು ಇಂಗ್ಲೆಂಡಿನ ನೆಲ. ಅಲ್ಲಿನ ಅಂದಿನ ಮರಣ ಪತ್ರದಲ್ಲಿ ತಂದೆತಾಯಿಯ ಹೆಸರಿಗೆ ಕಾಲಂ ಇರಲಿಲ್ಲ. ಗಡಿಯಾಚೆ ದುಡಿದು ಸತ್ತ ಎಲ್ಲ ಸ್ಕಾಟಿಷ್ ಸೇವಕರ ವಿಷಯದಲ್ಲೂ ಈ ಕೊರತೆ ಇದೆ. ಬ್ರೌನನ ವಿಷಯದಲ್ಲಿ ಅದನ್ನು ತುಂಬುವ ಬೇರೆ ಆಧಾರಗಳಿವೆ. 1868ರಲ್ಲಿ ಪ್ರಕಟವಾದ ತನ್ನ ಹೈಲ್ಯಾಂಡ್ಸ್ ದಿನಚರಿಯ ಅಡಿಟಿಪ್ಪಣಿಗಳಲ್ಲಿ ರಾಣಿಯೇ ಗಿಲ್ಲಿಗಳ ಮತ್ತು ಪರಿಚಾರಕರ ಪರಿಚಯ ಬರೆದಿದ್ದಾಳೆ. ಬ್ರೌನ್ 1849ರಲ್ಲಿ ಗಿಲ್ಲಿಯಾಗಿ ಸೇರಿ 1851ರಲ್ಲಿ ಕಾಯಂ ಆದ ವಿವರ ಅಲ್ಲಿದೆ. ಅರಮನೆ ಸಿಬ್ಬಂದಿಯ ದಾಖಲೆಗಳು ವಿಂಡ್ಸರ್‌ನ ರಾಯಲ್ ಆರ್ಕೈವ್ಸ್‌ನಲ್ಲಿವೆ.

ತೊಡಕುಗಳು

ಹೆಸರುಗಳ ಪುನರಾವರ್ತನೆ ದೊಡ್ಡ ಸಮಸ್ಯೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವ ರೂಢಿಯಿಂದ ಒಂದೇ ಕಣಿವೆಯಲ್ಲಿ ಹಲವು ಡೊನಾಲ್ಡ್ ಮ್ಯಾಕ್‌ಡೊನಾಲ್ಡರು ಇರುತ್ತಿದ್ದರು. ಅದೇ ರೂಢಿ ಅಜ್ಜನ ಹೆಸರಿನ ಸುಳಿವನ್ನೂ ಕೊಡುತ್ತದೆ. ತಾಯಿಯ ತವರಿನ ಹೆಸರು ಮತ್ತು ಮನೆಯಿದ್ದ ಜಾಗ ತಾಳೆಯಾದರೆ ಮಾತ್ರ ಗುರುತು ಖಚಿತ.

ಎಸ್ಟೇಟಿನ ಕಡತಗಳು

ಸಂಬಳದ ಪುಸ್ತಕ, ಬಾಡಿಗೆ ಪಟ್ಟಿ, ಫ್ಯಾಕ್ಟರನ ಪತ್ರಗಳು ಧಣಿಯ ಮನೆತನದ ಹೆಸರಿನಲ್ಲಿ ಪಟ್ಟಿಯಾಗಿರುತ್ತವೆ. ಸದರ್ಲೆಂಡ್ ಎಸ್ಟೇಟಿನ ಕಾಗದಗಳು ಎಡಿನ್‌ಬರೋದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಬ್ರೆಡಾಲ್ಬೇನ್ ಮತ್ತು ಸೀಫೀಲ್ಡ್ ಸಂಗ್ರಹಗಳು ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಬೆಟ್ಟಸೀಮೆಯ ಒಕ್ಕಲುಗಳ ಸ್ಥಿತಿ ವಿಚಾರಿಸಲು 1883ರಲ್ಲಿ ನೇಮಕವಾದ ನೇಪಿಯರ್ ಆಯೋಗದ ಸಾಕ್ಷ್ಯ ಸಂಪುಟಗಳಲ್ಲಿ ಒಕ್ಕಲುಗಳ ಮಾತು ನೇರವಾಗಿ ಅಚ್ಚಾಗಿದೆ. 1900ರಲ್ಲಿ ಬೋಯರ್ ಯುದ್ಧಕ್ಕಾಗಿ ಕಟ್ಟಿದ ಲೊವಾಟ್ ಸ್ಕೌಟ್ಸ್ ಪಡೆಗೆ ಸ್ಟಾಕರ್ ಮತ್ತು ಗಿಲ್ಲಿಗಳನ್ನೇ ಆರಿಸಿಕೊಂಡದ್ದರಿಂದ ಸೈನ್ಯದ ದಾಖಲೆಗಳೂ ನೋಡಬೇಕಾದವು.

ಇಂದಿನ ಸೌಲಭ್ಯ

ನೋಂದಣಿ, ಪ್ಯಾರಿಷ್, ಗಣತಿ ಮತ್ತು ಕಂದಾಯ ಪಟ್ಟಿಗಳ ಪ್ರತಿಗಳನ್ನು ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರಕಾರಿ ತಾಣದಲ್ಲಿ ನೋಡಬಹುದು. ಅಲ್ಲಿ ಜನನ ಪತ್ರದ ಪ್ರತಿ 100 ವರ್ಷ, ಮದುವೆಯದು 75, ಮರಣದ್ದು 50 ವರ್ಷ ಕಳೆದ ಮೇಲೆ ತೆರೆದುಕೊಳ್ಳುತ್ತದೆ. 1921ರ ಗಣತಿ 2022ರಲ್ಲಿ ತೆರೆಯಿತು. ಇಂಗ್ಲೆಂಡಿನ 1931ರ ಗಣತಿಯ ಕಾಗದಗಳು ಬೆಂಕಿಗೆ ಆಹುತಿಯಾದರೂ ಸ್ಕಾಟ್ಲೆಂಡಿನವು ಉಳಿದಿವೆ. 100 ವರ್ಷದ ಗೌಪ್ಯತೆಯ ಅವಧಿ ಮುಗಿದ ನಂತರ, ಎರಡು ಯುದ್ಧಗಳ ನಡುವೆ ಎಸ್ಟೇಟುಗಳಲ್ಲಿ ಉಳಿದ ಕುಟುಂಬಗಳ ವಿವರ ಅವುಗಳಿಂದ ದೊರೆಯಲಿದೆ.