ಬಿಸಿಗೆ ಬೀಳುವ ನೊಣ ತೋರಿಸಿದ ಬಾಗಿಲು

ಹೆಬ್ಬಾಳ ದಾಟಿ ಯಲಹಂಕದ ಕಡೆ ಹೋಗುವವರಿಗೆ ಅಲ್ಲಾಳಸಂದ್ರ ಬರುವ ಮೊದಲೇ ಬಳ್ಳಾರಿ ರಸ್ತೆಯ ಎಡಕ್ಕೆ ಜಿಕೆವಿಕೆ ಸಿಗುತ್ತದೆ. ಬಹುಮಂದಿಗೆ ಅದು ಕೃಷಿ ಮೇಳ ನಡೆಯುವ ಜಾಗ. ಅದೇ ಆವರಣದಲ್ಲಿ, ಎನ್‌ಸಿಬಿಎಸ್ ಎಂದೇ ಹೆಸರಾದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಇದೆ. ಸುತ್ತ ರಾಗಿ, ಅವರೆ ಬೆಳೆದರೆ ಇಲ್ಲಿ ಬಾಟಲಿಗಳಲ್ಲಿ ನೊಣ ಬೆಳೆಸುತ್ತಾರೆ. ಕಳಿತ ಬಾಳೆಹಣ್ಣಿಗೆ ಮುತ್ತುವ ಹಣ್ಣುನೊಣ.

ದೇಹದಲ್ಲಿ ಪದಾರ್ಥಗಳು ಸಾಗುವುದು ಹೇಗೆ ಎಂದರೆ ಶಾಲೆಗೆ ಹೋದವರೆಲ್ಲ ಹೃದಯ, ರಕ್ತನಾಳ ಎನ್ನುತ್ತಾರೆ. ಗಿಡವಾದರೆ ಬೇರಿನಿಂದ ಎಲೆಗೆ ನೀರೊಯ್ಯುವ ನಾಳಗಳು. ಸರಿ, ಆದರೆ ರಕ್ತ ಬಾಗಿಲಿಗೆ ತಂದದ್ದನ್ನು ಜೀವಕೋಶ ಒಳಕ್ಕೆ ತೆಗೆದುಕೊಳ್ಳುವುದು ಹೇಗೆ? ಕೋಶದ ಸುತ್ತ ಜಿಡ್ಡಿನ ತೆಳುಪೊರೆಯಿದೆ. ದೊಡ್ಡ ಅಣುಗಳು ಅದನ್ನು ತೂರಲಾರವು. ಆದ್ದರಿಂದ ಕೋಶವು ಪೊರೆಯಲ್ಲೇ ಒಂದು ಗುಳಿ ಮಾಡಿ, ಅದರ ಕುತ್ತಿಗೆ ಹಿಸುಕಿ, ಪುಟ್ಟ ಚೀಲವಾಗಿ ಒಳಗೆಳೆದುಕೊಳ್ಳುತ್ತದೆ. ಹೊರಗೆ ಕಳಿಸುವಾಗ ಒಳಗಿನ ಚೀಲವೊಂದು ಪೊರೆಗೆ ಬೆಸೆದು ಬಾಯಿ ತೆರೆಯುತ್ತದೆ. ಒಂದು ನರ ಮುಂದಿನ ನರಕ್ಕೆ ಸುದ್ದಿ ಮುಟ್ಟಿಸುವುದೂ ರಾಸಾಯನಿಕ ತುಂಬಿದ ಇಂಥ ಚೀಲಗಳಿಂದಲೇ. ನರದ ಚೀಲಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಿಗೆ ಸುಮಾರು 25,000 ಹಿಡಿಯುತ್ತವೆ. ಇಷ್ಟು ಸಣ್ಣ ಯಂತ್ರದ ಬಿಡಿಭಾಗಗಳನ್ನು ಹುಡುಕುವುದು ಹೇಗೆ?

ಕೆಟ್ಟುಹೋದ ಯಂತ್ರವನ್ನು ನೋಡಿ! ಕೆನಡಾದಲ್ಲಿ ಡೇವಿಡ್ ಸುಜುಕಿ ಮತ್ತು ಸಂಗಡಿಗರು 1973ರಲ್ಲಿ ವಿಚಿತ್ರ ಹಣ್ಣುನೊಣವೊಂದನ್ನು ವರದಿ ಮಾಡಿದರು. ಶಾಖ 29 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಸೆಟೆದು ಬೀಳುತ್ತಿತ್ತು. ತಂಪು ಮಾಡಿದರೆ ಎದ್ದು ಹಾರುತ್ತಿತ್ತು. (ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಸಾಕು, ಅದನ್ನು ಕೆಡವಲು.) ಅದಕ್ಕೆ ‘ಶಿಬಿರೆ’ ಎಂದು ಹೆಸರಿಟ್ಟರು. ಜಪಾನಿ ಭಾಷೆಯಲ್ಲಿ ಮರಗಟ್ಟುವುದು ಎಂದರ್ಥ.

ಈ ಕಥೆಯಲ್ಲಿ ಭಾರತ ಬರುವುದು ಒಬೈದ್ ಸಿದ್ದಿಕಿಯವರ ಮೂಲಕ. ಉತ್ತರ ಪ್ರದೇಶದ ಬಸ್ತಿಯವರಾದ ಸಿದ್ದಿಕಿ, ಹೋಮಿ ಭಾಭಾ ಅವರ ಆಹ್ವಾನದ ಮೇಲೆ 1962ರಲ್ಲಿ ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನ ವಿಭಾಗ ಕಟ್ಟಿದವರು. ಅವರು ಅಮೆರಿಕದ ಸೀಮೋರ್ ಬೆಂಜರ್ ಜೊತೆ ಸೇರಿ ಬಿಸಿಗೆ ಬೀಳುವ ನೊಣಗಳ ನರ, ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ಅಳೆದರು. 1976ರ ಅವರ ಪ್ರಬಂಧದಲ್ಲಿ ‘ಕೊಮಟೋಸ್’ ಎಂಬ ಇನ್ನೊಂದು ನೊಣವೂ ಇತ್ತು. ಇದು ಒಮ್ಮೆ ಬಿದ್ದರೆ, ತಂಪು ಮಾಡಿದರೂ ಬೇಗ ಏಳುವುದಿಲ್ಲ.

ಎರಡೂ ಬೀಳುವ ನೊಣಗಳೇ. ಕಾರಣ ಮಾತ್ರ ಬೇರೆ ಬೇರೆ. ಗೋಲಿಸೋಡಾ ಅಂಗಡಿಯನ್ನು ನೆನೆಯಿರಿ. ಖಾಲಿ ಸೀಸೆಗಳು ಮರಳದಿದ್ದರೆ ತುಂಬಲು ಸೀಸೆಯೇ ಇರದೆ ವ್ಯಾಪಾರ ನಿಲ್ಲುತ್ತದೆ. ತುಂಬಿದ ಸೀಸೆಯ ಗೋಲಿ ಒಳಕ್ಕೆ ಹೋಗದಿದ್ದರೂ ನಿಲ್ಲುತ್ತದೆ. ಶಿಬಿರೆಯದು ಮೊದಲನೆಯ ಕಷ್ಟ. ಪೊರೆಯ ಗುಳಿ ಕತ್ತರಿಸಿಕೊಳ್ಳದೆ, ನರದ ತುದಿಯಲ್ಲಿ ಚೀಲಗಳೇ ಮುಗಿದುಹೋಗುತ್ತವೆ. ಅಲ್ಲಿ ಕೆಟ್ಟಿರುವುದು ಗುಳಿಯ ಕುತ್ತಿಗೆ ಹಿಸುಕುವ ‘ಡೈನಮಿನ್’ ಪ್ರೋಟೀನ್ ಎಂದು 1991ರಲ್ಲಿ ತಿಳಿಯಿತು. ಕೊಮಟೋಸ್‌ನಲ್ಲಿ ಚೀಲಗಳು ಬಾಗಿಲ ಬಳಿ ರಾಶಿಬಿದ್ದು, ಬಾಯಿ ತೆರೆಯದೆ ಉಳಿಯುತ್ತವೆ. ಅದರ ದೋಷವಿದ್ದದ್ದು ‘ಎನ್‌ಎಸ್‌ಎಫ್’ ಎಂಬ ಪ್ರೋಟೀನಿನಲ್ಲಿ ಎಂಬುದು 1995ರ ಹೊತ್ತಿಗೆ ಖಚಿತವಾಯಿತು. ಅದನ್ನು ಜೇಮ್ಸ್ ರೋತ್‌ಮನ್ ಬಳಗ ನೊಣದ ಗೊಡವೆಯಿಲ್ಲದೆ, ಸ್ತನಿಗಳ ಜೀವಕೋಶಗಳ ದ್ರವದಿಂದ ಮೊದಲೇ ಬೇರ್ಪಡಿಸಿತ್ತು. ಚೀಲಗಳ ಸಾಗಾಟಕ್ಕಾಗಿ 2013ರ ಅಕ್ಟೋಬರಿನಲ್ಲಿ ನೊಬೆಲ್ ಪಡೆದ ಮೂವರಲ್ಲಿ ರೋತ್‌ಮನ್ ಒಬ್ಬರು. ಸಿದ್ದಿಕಿ ಅದೇ ವರ್ಷದ ಜುಲೈನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಿದ್ದರು.

ಅಷ್ಟರಲ್ಲಿ ಅವರು ಸ್ಥಾಪಕ ನಿರ್ದೇಶಕರಾಗಿ ಕಟ್ಟಿದ ಎನ್‌ಸಿಬಿಎಸ್‌ನಲ್ಲಿ ಶಿಬಿರೆ ನೊಣಕ್ಕೆ ಹೊಸ ಕೆಲಸ ಸಿಕ್ಕಿತ್ತು. ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ ಬಂದ ಸತ್ಯಜಿತ್ ಮೇಯರ್ ಜೀವಕೋಶದ ಪೊರೆಯ ಬಗ್ಗೆ ಕೆಲಸ ಮಾಡುತ್ತಿದ್ದರು. ಪೊರೆಗೆ ಜಿಡ್ಡಿನ ಕೊಂಡಿಯಿಂದ ತಗುಲಿಕೊಂಡ ಕೆಲವು ಪ್ರೋಟೀನುಗಳು ಒಳಗೆ ಹೋಗುವಾಗ ಎಲ್ಲರಿಗೂ ಗೊತ್ತಿದ್ದ ದಾರಿ ಹಿಡಿಯುವುದಿಲ್ಲ ಎಂದು ಅವರ ಬಳಗ 2002ರಲ್ಲಿ ತೋರಿಸಿತು. ಹಾಗಾದರೆ ಡೈನಮಿನ್ ಬೇಡದ ಇನ್ನೊಂದು ಬಾಗಿಲಿದೆಯೆ? ಇದನ್ನು ಪರೀಕ್ಷಿಸಲು ಶಿಬಿರೆಗಿಂತ ಒಳ್ಳೆಯ ಪ್ರಾಣಿ ಯಾವುದು! ಟಾಟಾ ಸಂಸ್ಥೆಯಲ್ಲಿ ಈ ನೊಣವನ್ನು ವರ್ಷಗಟ್ಟಲೆ ಬಲ್ಲ ಕೆ. ಎಸ್. ಕೃಷ್ಣನ್ ಕೂಡ ಜೊತೆಗೂಡಿದರು. ಶಿಬಿರೆ ಮರಿಹುಳುಗಳ ರಕ್ತಕಣಗಳನ್ನು ತೆಗೆದು ಬಿಸಿ ಮಾಡಿ ನೋಡಿದರು. ಕೋಶದ ಮೇಲಿನ ಗ್ರಾಹಕಗಳು ಹಿಡಿದುಕೊಂಡ ಸರಕು ಒಳಗೆ ಹೋಗುವುದು ನಿಂತಿತು. ಸುತ್ತಲಿನ ದ್ರವವನ್ನು ಕೋಶ ಗುಟುಕರಿಸುವುದು ಮಾತ್ರ ನಿಲ್ಲಲಿಲ್ಲ. ಮುಂಬಾಗಿಲು ಹಾಕಿದಾಗಲೇ ಹಿತ್ತಿಲ ಬಾಗಿಲು ಕಂಡಿತ್ತು. ಫಲಿತಾಂಶ 2003ರಲ್ಲಿ ಪ್ರಕಟವಾಯಿತು.

ನೊಣದ ರಕ್ತದಿಂದ ನಮಗೇನು ಎಂದು ಕೇಳುವವರು ಇದ್ದೇ ಇರುತ್ತಾರೆ. ಡೈನಮಿನ್ ಮನುಷ್ಯರಲ್ಲೂ ಇದೆ. ಅದರ ಒಂದು ಬಗೆಯ ವಂಶವಾಹಿ ಕೆಟ್ಟರೆ ಕೈಕಾಲುಗಳ ನರ ಅಥವಾ ಸ್ನಾಯು ಕ್ಷೀಣಿಸುವ ಕಾಯಿಲೆಗಳು ಬರುತ್ತವೆಂದು 2005ರಲ್ಲಿ ಗೊತ್ತಾಯಿತು. ಹಿತ್ತಿಲ ಬಾಗಿಲಿಗೂ ಗಿರಾಕಿಗಳಿದ್ದಾರೆ. ವಂಶವಾಹಿ ಚಿಕಿತ್ಸೆಯಲ್ಲಿ ಔಷಧ ಹೊರಲು ಬಳಸುವ ನಿರುಪದ್ರವಿ ವೈರಸ್ಸುಗಳಲ್ಲೊಂದು ಕೋಶದೊಳಕ್ಕೆ ನುಸುಳುವುದು ಈ ದಾರಿಯಿಂದಲೇ ಎಂದು 2011ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು.